ಬೆಕ್ಕಿನ ಶ್ವಾಸಕೋಶದ ಹುಳು: ಮೊಟ್ಟೆ ಹುಡುಕಿ ಸೋತ ಮೇಲೆ ಬರೆದುಕೊಂಡದ್ದು

ಈಲುರೋಸ್ಟ್ರಾಂಜೈಲಸ್ ಅಬ್‌ಸ್ಟ್ರೂಸಸ್ ಎಂಬ ಈ ಹುಳುವಿಗೆ ಬಸವನಹುಳುಗಳು ಮಧ್ಯಂತರ ಆತಿಥೇಯಗಳು, ಅಂದರೆ ಲಾರ್ವಾ (ಎಳೆಯ ಹುಳು) ಬೆಕ್ಕನ್ನು ಸೇರುವ ಮೊದಲು ಬೆಳೆಯುವ ಜೀವಿಗಳು. ಅವುಗಳನ್ನು ತಿಂದ ಇಲಿ, ಹಕ್ಕಿ, ಕಪ್ಪೆ, ಹಲ್ಲಿಗಳನ್ನು ಬೇಟೆಯಾಡುವ ಬೆಕ್ಕಿಗೆ ಸೋಂಕು ತಗಲುತ್ತದೆ.

ನಾನು ಎಡವಿದ್ದು ಮಲಪರೀಕ್ಷೆಯಲ್ಲಿ. ಹೆಣ್ಣುಹುಳು ಮೊಟ್ಟೆಯಿಡುತ್ತದೆ ಎಂದು ಓದಿದ್ದರಿಂದ, ಮಲವನ್ನು ದಟ್ಟ ದ್ರಾವಣದಲ್ಲಿ ಕಲಸಿ ಮೊಟ್ಟೆಗಳನ್ನು ಮೇಲಕ್ಕೆ ತೇಲಿಸುವ ವಿಧಾನದಲ್ಲಿ ಗಾಜಿನ ಪಟ್ಟಿಯ ಮೇಲೆ ಮೊಟ್ಟೆಯನ್ನೇ ಹುಡುಕುತ್ತ ಕುಳಿತಿದ್ದೆ. ಆದರೆ ಮೊಟ್ಟೆ ಶ್ವಾಸಕೋಶ ಬಿಟ್ಟು ಹೊರಗೆ ಬರುವುದೇ ಇಲ್ಲ. ಅದು ಅಲ್ಲಿಯೇ ಒಡೆದು, ಹೊರಬಂದ ಲಾರ್ವಾ ಕಫದೊಡನೆ ಗಂಟಲಿನವರೆಗೆ ಏರಿ, ಬೆಕ್ಕು ಅದನ್ನು ನುಂಗಿದ ಮೇಲೆ ಕರುಳಿನ ಮೂಲಕ ಮಲಕ್ಕೆ ಸೇರುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಮೊಟ್ಟೆಯನ್ನಲ್ಲ, ಜೀವಂತ ಲಾರ್ವಾವನ್ನು. ಬೇರ್ಮನ್ ವಿಧಾನದ ಅರ್ಥ ನನಗೆ ಹೊಳೆದದ್ದು ಇಷ್ಟು ತಿಳಿದ ಮೇಲೆಯೇ. ಮಲವನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಆಲಿಕೆಯಲ್ಲಿ ತುಂಬಿದ ಉಗುರುಬೆಚ್ಚಗಿನ ನೀರಿಗೆ ತಾಗುವಂತೆ ಇಟ್ಟರೆ, ಲಾರ್ವಾ ತಾನಾಗಿ ತೆವಳಿ ಹೊರಬರುತ್ತದೆ. ನೀರಿನಲ್ಲಿ ನುಲಿಯುತ್ತದೆಯೇ ಹೊರತು ಮೇಲಕ್ಕೆ ಈಜಲಾರದೆ ಆಲಿಕೆಯ ತಳಕ್ಕೆ ಇಳಿಯುತ್ತದೆ. 12ರಿಂದ 24 ಗಂಟೆ ಬಿಟ್ಟು ತಳದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸತ್ತ ಲಾರ್ವಾ ತೆವಳದಾದ್ದರಿಂದ ತಾಜಾ ಮಲವೇ ಆಗಬೇಕು. ಸುಮಾರು 0.4 ಮಿಲಿಮೀಟರ್ ಉದ್ದದ ಆ ದೇಹದ ತುದಿಯಲ್ಲಿ, ಎಸ್ ಆಕಾರದಲ್ಲಿ ಬಳುಕಿದ ಬಾಲವೂ ಅದರ ಮೇಲೊಂದು ಪುಟ್ಟ ಮುಳ್ಳೂ ಕಂಡರೆ ಗುರುತು ಸಿಕ್ಕಿದಂತೆ.

ಸೋಂಕಿನ ಮೊದಲ ಐದಾರು ವಾರ ಲಾರ್ವಾ ಕಾಣಿಸದು, ಆಮೇಲೂ ದಿನವೂ ಬಾರದು. ಆದ್ದರಿಂದ ಒಮ್ಮೆ ಸಿಗಲಿಲ್ಲವೆಂದು ಕೈಬಿಡದೆ ಬೇರೆ ಬೇರೆ ದಿನಗಳ ಮಲವನ್ನು ನೋಡಬೇಕು. ಕೆಮ್ಮು, ಏದುಸಿರು, ರಕ್ತದಲ್ಲಿ ಹೆಚ್ಚಿದ ಇಯೋಸಿನೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಆಸ್ತಮಾದಲ್ಲಿಯೂ ಇರುವುದರಿಂದ ಎರಡನ್ನೂ ಅದಲುಬದಲು ಮಾಡುವುದು ಸುಲಭ.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಫೆನ್‌ಬೆಂಡಜೋಲ್, ಅಥವಾ ಚರ್ಮಕ್ಕೆ ಹಚ್ಚುವ ಎಮೋಡೆಪ್ಸೈಡ್, ಮಾಕ್ಸಿಡೆಕ್ಟಿನ್‌ನಂಥ ಔಷಧಿಗಳು ಹುಳುವನ್ನು ಕೊಲ್ಲುತ್ತವೆ. ಹುಳು ಸತ್ತ ಮಾತ್ರಕ್ಕೆ ಶ್ವಾಸಕೋಶ ಮೊದಲಿನಂತಾಗುವುದಿಲ್ಲ ಎಂಬುದನ್ನು ಮಾತ್ರ ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ. ಶ್ವಾಸಕೋಶದ ಅಪಧಮನಿಗಳ ಸ್ನಾಯುಪದರ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ, ಮತ್ತು ಮಲದಲ್ಲಿ ಲಾರ್ವಾ ಕಾಣಿಸದಾದ ಬಳಿಕವೂ ಆ ದಪ್ಪ ಉಳಿಯಬಹುದು. ತೀವ್ರ ಸೋಂಕಿದ್ದ ಮರಿಗಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಏರಿ ಹೃದಯದ ಬಲಭಾಗಕ್ಕೆ ಹೊರೆಯಾಗುವುದೂ ಉಂಟು. ಸಂತಾನಹರಣ ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟಾಗ, ಮೇಲುನೋಟಕ್ಕೆ ಆರೋಗ್ಯವಾಗಿದ್ದ ಎಳೆಯ ಬೆಕ್ಕು ಸತ್ತ ಪ್ರಕರಣಗಳಲ್ಲಿ ಈ ಹುಳು ಪತ್ತೆಯಾಗಿದೆ. ಹಾಗಾಗಿ ಬೇಟೆಯ ಚಾಳಿಯಿರುವ ಬೆಕ್ಕಿಗೆ ಹಿಂದೆಂದಾದರೂ ಕೆಮ್ಮು ಇತ್ತೇ ಎಂಬ ಪ್ರಶ್ನೆಯನ್ನು ಅರಿವಳಿಕೆಗೆ ಮುಂಚೆಯೇ ಕೇಳಬೇಕು.