ಆರ್ಕಿಡ್ ಬೇರಿನೊಳಗೆ ಶಿಲೀಂಧ್ರಕ್ಕೇನು ಕೆಲಸ?

ಪ್ರಶ್ನೆ: ಆರ್ಕಿಡ್ ಬೇರಿನಲ್ಲಿ ಶಿಲೀಂಧ್ರ ಇರುತ್ತದೆ, ಅದು ಗಿಡಕ್ಕೆ ಒಳ್ಳೆಯದು ಅಂತ ಓದಿದೆ. ಶಿಲೀಂಧ್ರ ಅಂದರೆ ರೋಗ ಅಲ್ವಾ? ಅದರಿಂದಲೇ ಗಿಡದಲ್ಲಿ ಔಷಧದ ಅಂಶ ಹೆಚ್ಚುತ್ತದೆ ಅಂತಲೂ ಹೇಳುತ್ತಾರೆ. ಇದು ನಿಜವಾ?

ಉತ್ತರ: ಬಹುಮಟ್ಟಿಗೆ ನಿಜ. ಆದರೆ ಇದನ್ನು ಬರೀ ಸ್ನೇಹ ಅಂದುಕೊಂಡರೆ ಅರ್ಧ ಕಥೆ ಕೈತಪ್ಪುತ್ತದೆ. ಆರ್ಕಿಡ್ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅದರಿಂದಲೇ ಉಣ್ಣುತ್ತದೆ, ಎಲ್ಲಿಗೆ ಬರಬಾರದೋ ಅಲ್ಲಿ ವಿಷ ಇಟ್ಟು ತಡೆಯುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರುವುದು ಆ ವಿಷದಲ್ಲಿ.

ಮೊದಲು ಬೀಜ ನೋಡೋಣ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು ಬೀಜ ಇರುತ್ತವೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಒಂದೊಂದೂ ಧೂಳಿನ ಕಣದಷ್ಟು. ಬೇರೆ ಬೀಜಗಳಲ್ಲಿ ಮೊಳಕೆಗೆ ಬೇಕಾದ ಬುತ್ತಿ ಒಳಗೇ ಇರುತ್ತದೆ. ಇಲ್ಲಿ ಅದಿಲ್ಲ. ತೆಳು ಸಿಪ್ಪೆ, ಅದರೊಳಗೆ ಕೆಲವೇ ಜೀವಕೋಶಗಳ ಭ್ರೂಣ, ಅಷ್ಟೇ. ಗಾಳಿಯಲ್ಲಿ ತೇಲಿ ದೂರ ಹೋಗಬಹುದು ನಿಜ, ಆದರೆ ಬಿದ್ದ ಕಡೆ ಯಾರಾದರೂ ಉಣಿಸಬೇಕು.

ಉಣಿಸುವವರು ಯಾರು ಅಂತ ಕಂಡುಹಿಡಿದವನು ಫ್ರಾನ್ಸಿನ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್. 1899ರಲ್ಲಿ ಕಾಡಿನ ತರಗೆಲೆಗಳ ಅಡಿ ಹೂತುಹೋಗಿದ್ದ ಒಂದು ಆರ್ಕಿಡ್ ಕಡ್ಡಿ ಅವನಿಗೆ ಸಿಕ್ಕಿತು. ಅದರ ಕಾಯಿಯೊಳಗೇ ಬೀಜಗಳು ಮೊಳೆತಿದ್ದವು. ಮೊಳೆತ ಬೀಜಗಳಲ್ಲೆಲ್ಲ ಶಿಲೀಂಧ್ರದ ಎಳೆಗಳಿದ್ದವು. ಕಾಡಿನಲ್ಲಿ ಶಿಲೀಂಧ್ರ ಹೊಕ್ಕರೇನೇ ಬೀಜ ಊದಿ ಪ್ರೋಟೋಕಾರ್ಮ್ ಎಂಬ ಸಣ್ಣ ಗಂಟಾಗುತ್ತದೆ. ಅದಕ್ಕೆ ಬೇರಿಲ್ಲ, ಎಲೆಯಿಲ್ಲ. ಹಸಿರೆಲೆ ಬರುವ ತನಕ ಪೂರ್ತಿ ಊಟ ಶಿಲೀಂಧ್ರದ್ದೇ.

ದೊಡ್ಡ ಗಿಡದ ಬೇರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಈ ವ್ಯವಹಾರ ಕಣ್ಣಿಗೇ ಕಾಣುತ್ತದೆ. ಹೊರಪದರದ ಕೋಶಗಳಲ್ಲಿ ಎಳೆಗಳು ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿರುತ್ತವೆ. ಇವಕ್ಕೆ ಪೆಲೋಟಾನ್ ಅನ್ನುತ್ತಾರೆ. ಒಂದು ಕೋಶದಲ್ಲಿ ಉಂಡೆ ಬಿಡಿಬಿಡಿಯಾಗಿ ತಾಜಾ ಇದ್ದರೆ, ಪಕ್ಕದ ಕೋಶದಲ್ಲಿ ಕುಸಿದು ಮುದ್ದೆಯಾಗಿರುತ್ತದೆ. ಗಿಡ ಅದನ್ನು ಜೀರ್ಣಿಸಿಕೊಂಡ ಗುರುತು ಅದು. ಕೆಲವೇ ದಿನಗಳಲ್ಲಿ ಉಂಡೆ ಕರಗುತ್ತದೆ, ಅದೇ ಕೋಶಕ್ಕೆ ಹೊಸ ಎಳೆ ಮತ್ತೆ ಬರಬಹುದು. ಬೇರಿನ ನಡುವೆ ನೀರು, ಸಕ್ಕರೆ ಸಾಗಿಸುವ ಕೊಳವೆಗಳಿವೆಯಲ್ಲ, ಆ ಕಡೆಗೆ ಮಾತ್ರ ಎಳೆಗಳಿಗೆ ಪ್ರವೇಶವಿಲ್ಲ.

ಹೀಗೆ ಒಳಗೆ ಬರುವವರೇನು ಸಾಧುಗಳಲ್ಲ. ಟುಲಾಸ್ನೆಲ್ಲಾ, ಸೆರಾಟೊಬೇಸಿಡಿಯಂ, ಸೆರೆಂಡಿಪಿಟಾ ಮುಖ್ಯ ಗುಂಪುಗಳು. ಬೆಳೆಗಳ ಬೇರು ಕೊಳೆಸುವ ರೈಜೋಕ್ಟೋನಿಯಾ ಇವುಗಳಲ್ಲಿ ಕೆಲವಕ್ಕೆ ಹತ್ತಿರದ ನೆಂಟ. ಹಾಗಾಗಿ 'ರೋಗ ಅಲ್ವಾ' ಅನ್ನುವ ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಇದರಲ್ಲಿ ಶಿಲೀಂಧ್ರಕ್ಕೆ ಲಾಭವೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಗೂಡೇಯೆರಾ ಎಂಬ ಹಸಿರು ಆರ್ಕಿಡ್ ತಾನು ತಯಾರಿಸಿದ ಇಂಗಾಲವನ್ನು ಶಿಲೀಂಧ್ರಕ್ಕೆ ವಾಪಸ್ ಕೊಡುತ್ತದೆ ಅಂತ 2006ರಲ್ಲಿ ತಿಳಿಯಿತು. ಎಲ್ಲ ಆರ್ಕಿಡ್‌ಗಳೂ ಇಷ್ಟು ಉದಾರಿಗಳಲ್ಲ.

ಈಗ ವಿಷದ ವಿಚಾರ. ಆರ್ಕಿಡ್ ಗೆಡ್ಡೆಯಿಂದ ಹೊರಬರುವ ಏನೋ ಒಂದು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ ಅಂತ ಬರ್ನಾರನೇ ಗಮನಿಸಿದ್ದ. ಅದೇನೆಂದು ಗೊತ್ತಾಗಿದ್ದು 1950ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಗಾಯ್ಮನ್ ಮತ್ತು ಸಂಗಡಿಗರಿಂದ. ಆರ್ಕಿಸ್ ಮಿಲಿಟಾರಿಸ್ ಎಂಬ ಆರ್ಕಿಡ್‌ನ ಗೆಡ್ಡೆಗೆ ಶಿಲೀಂಧ್ರ ಸೋಕಿದಾಗ ಆರ್ಕಿನಾಲ್ ಎಂಬ ವಸ್ತು ತುಂಬಿಕೊಳ್ಳುತ್ತದೆ. ಬೇರಿಗೆ ಶಿಲೀಂಧ್ರ ಬರಲಿ, ಆಹಾರ ಕೂಡಿಟ್ಟ ಗೆಡ್ಡೆಗೆ ಬೇಡ. ಬೇರಿನಲ್ಲಿ ಸರಿಯಾದ ಜೊತೆಗಾರ ಸಿಕ್ಕಾಗ ಗಿಡದ ಪ್ರತಿರೋಧ ಮೆಲ್ಲಗಿರುತ್ತದೆ, ಗೆಡ್ಡೆಯಲ್ಲಿ ಮಾತ್ರ ಕಟ್ಟುನಿಟ್ಟು.

ಗಿಡಕ್ಕೆ ಸುದ್ದಿ ಮುಟ್ಟುವುದು ಹೇಗೆ? ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ. ಅದರ ಚೂರುಗಳನ್ನು ಗಿಡ ಗುರುತಿಸುತ್ತದೆ. ಜಾಸ್ಮೋನಿಕ್ ಆಮ್ಲದಂಥ ಸಂಕೇತಗಳು ಓಡುತ್ತವೆ, ಕೆಲವು ಜೀನ್‌ಗಳು ಚುರುಕಾಗುತ್ತವೆ. ಫೀನಾಲ್, ಫ್ಲೇವನಾಯ್ಡ್, ಆಲ್ಕಲಾಯ್ಡ್ ಇಂಥ ಸಸ್ಯ ರಾಸಾಯನಿಕಗಳ ತಯಾರಿ ಏರುಪೇರಾಗುತ್ತದೆ. ನಾವು ಔಷಧ ಅಂತ ಹುಡುಕುವುದು ಬಹಳಷ್ಟು ಸಲ ಇವನ್ನೇ. ಡೆಂಡ್ರೋಬಿಯಂ ನೊಬಿಲೆ ಎಂಬ ಆರ್ಕಿಡ್‌ಗೆ ಮೈಸೀನಾ ಕುಲದ ಒಂದು ಶಿಲೀಂಧ್ರ ಸೇರಿಸಿದಾಗ ಡೆಂಡ್ರೋಬೈನ್ ಎಂಬ ಆಲ್ಕಲಾಯ್ಡ್ ಜಾಸ್ತಿಯಾಗಿದ್ದು ಪ್ರಯೋಗದಲ್ಲಿ ಕಂಡಿದೆ. ಅದನ್ನು ತಯಾರಿಸುವುದು ಗಿಡವೇ, ಶಿಲೀಂಧ್ರವು ಆ ತಯಾರಿಕೆಯ ವೇಗ ಬದಲಿಸಿತು ಅಷ್ಟೆ.

ನನಗೆ ಎಲ್ಲಕ್ಕಿಂತ ಕುತೂಹಲದ ಗಿಡ ಗ್ಯಾಸ್ಟ್ರೋಡಿಯಾ ಎಲಾಟಾ ಎಂಬ ಆರ್ಕಿಡ್. ಚೀನಾದಲ್ಲಿ ಟಿಯನ್‌ಮಾ ಎಂಬ ಹೆಸರಿನ ಔಷಧಿ ಗೆಡ್ಡೆ ಇದೇ. ಹಸಿರಿಲ್ಲ, ಬದುಕೆಲ್ಲ ಶಿಲೀಂಧ್ರದ ಮೇಲೆಯೇ. ಬೀಜ ಮೊಳೆಯಲು ಮೈಸೀನಾ ಬೇಕು, ಗೆಡ್ಡೆ ದಪ್ಪವಾಗಲು ಆರ್ಮಿಲೇರಿಯಾ ಬೇಕು. ಈ ಆರ್ಮಿಲೇರಿಯಾ ದೊಡ್ಡ ಮರಗಳನ್ನೇ ಕೊಲ್ಲುವಂಥದ್ದು! ಬೆಳೆಗಾರರು ಆ ಶಿಲೀಂಧ್ರ ಹಬ್ಬಿದ ಕಟ್ಟಿಗೆ ತುಂಡುಗಳ ಪಕ್ಕದಲ್ಲಿ ಗೆಡ್ಡೆ ನೆಡುತ್ತಾರೆ. ಕಟ್ಟಿಗೆಯನ್ನು ಶಿಲೀಂಧ್ರ ತಿನ್ನುತ್ತದೆ, ಶಿಲೀಂಧ್ರವನ್ನು ಗೆಡ್ಡೆ ತಿನ್ನುತ್ತದೆ, ಹೀಗೆ ಬಂದ ಸಕ್ಕರೆಯ ಒಂದು ಪಾಲು ಗ್ಯಾಸ್ಟ್ರೋಡಿನ್ ಎಂಬ ಔಷಧಾಂಶದಲ್ಲಿ ಸೇರುತ್ತದೆ. ಜೊತೆಗೆ ಶಿಲೀಂಧ್ರವನ್ನು ತಡೆಯುವ ಪ್ರೋಟೀನನ್ನೂ ಗೆಡ್ಡೆಯೇ ಮಾಡಿಕೊಳ್ಳುತ್ತದೆ. ಉಣಿಸುವವನ ಮೇಲೂ ಒಂದು ಕಣ್ಣು.

ಇಷ್ಟು ಕೇಳಿ ನಿಮ್ಮ ಕುಂಡಕ್ಕೆ ಯಾವುದೋ ಶಿಲೀಂಧ್ರದ ಪುಡಿ ತಂದು ಸುರಿಯಬೇಡಿ. ಒಂದು ಜಾತಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಒಂದು ರಾಸಾಯನಿಕ ಹೆಚ್ಚಿದಾಗ ಎಲ್ಲವೂ ಹೆಚ್ಚುತ್ತವೆ ಅಂತಲೂ ಇಲ್ಲ. ಅಲ್ಲದೆ ಮಾರಾಟಕ್ಕೆ ಬರುವ ಹೆಚ್ಚಿನ ಆರ್ಕಿಡ್‌ಗಳು ಪ್ರಯೋಗಾಲಯದ ಬಾಟಲಿಯಲ್ಲಿ ಶಿಲೀಂಧ್ರವೇ ಇಲ್ಲದೆ ಬೆಳೆದವು. ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ತಾನಾಗಿ ಮೊಳೆಯುತ್ತದೆ ಅಂತ ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟ. ಎಲೆ ಬಂದು, ನೀವು ಗೊಬ್ಬರವನ್ನೂ ಕೊಡುತ್ತಿದ್ದರೆ ಕುಂಡದ ಗಿಡ ಶಿಲೀಂಧ್ರ ಇಲ್ಲದೆಯೂ ಆರಾಮಾಗಿ ಇರುತ್ತದೆ.

ಇನ್ನು ರೋಗವಾ ಅಲ್ಲವಾ ಅಂತ ತಿಳಿಯಲು ಬೇರನ್ನು ಮುಟ್ಟಿ ನೋಡಿ. ಉಪಕಾರಿ ಶಿಲೀಂಧ್ರ ಕೋಶದ ಒಳಗಿರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ, ಬೇರು ಗಟ್ಟಿಯಾಗೇ ಇರುತ್ತದೆ. ಕುಂಡದ ತೊಗಟೆ ಚೂರುಗಳ ಮೇಲಿನ ಬಿಳಿ ಬೂಷ್ಟು ಸಾಮಾನ್ಯವಾಗಿ ತೊಗಟೆ ಕೊಳೆಸುವಂಥದ್ದು, ಆದರೆ ತೊಗಟೆ ಹಳೆಯದಾಗಿದೆ, ನೀರು ಜಾಸ್ತಿ ನಿಲ್ಲುತ್ತಿದೆ ಅನ್ನುವುದರ ಸೂಚನೆ ಇರಬಹುದು. ಬೇರು ಕಂದಾಗಿ, ಮೆತ್ತಗಾಗಿ, ಒತ್ತಿದರೆ ಸಿಪ್ಪೆ ಜಾರಿ ಬರುತ್ತಿದ್ದರೆ ಅದು ಕೊಳೆತ. ಅಂಥ ಬೇರನ್ನು ಶುದ್ಧವಾದ ಕತ್ತರಿಯಲ್ಲಿ ಕತ್ತರಿಸಿ, ತೊಗಟೆ ಬದಲಿಸಿ, ನೀರು ಕಡಿಮೆ ಮಾಡಿ.