ಎಂಜಿಬಿ ಹೀಟರ್‌ನಲ್ಲಿ ತಣ್ಣನೆ ಗಾಳಿ ಬರುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನ ಬಳಿ 1970ರ ದಶಕದ ಎಂಜಿಬಿ, ಅಂದರೆ ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಇದೆ. ಎಂಜಿನ್ ಸರಿಯಾಗಿ ಬಿಸಿಯಾಗುತ್ತದೆ, ಹೀಟರ್ ಫ್ಯಾನಿನ ಸದ್ದೂ ಕೇಳುತ್ತದೆ. ಆದರೂ ಒಳಗೆ ಬರುವುದು ತಣ್ಣನೆ ಗಾಳಿಯೇ. ಹೀಟರ್ ಪೆಟ್ಟಿಗೆ ಬಿಚ್ಚಲೇಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಈ ಕಾರಿನಲ್ಲಿ ಹೀಟರ್ ಪೆಟ್ಟಿಗೆ ಹೊರತೆಗೆಯುವಷ್ಟು ರೇಜಿಗೆಯ ಕೆಲಸ ಮತ್ತೊಂದಿಲ್ಲ. ಅದು ಕೊನೆಯ ಹೆಜ್ಜೆಯಾಗಿರಲಿ. ತೊಂದರೆ ಎಲ್ಲಿದೆ ಎಂಬುದನ್ನು ಎರಡು ಹೋಸ್‌ಗಳೇ ಹೇಳುತ್ತವೆ.

ಬಿಸಿ ನೀರು ಸಿಲಿಂಡರ್ ಹೆಡ್‌ನ ಹಿಂಭಾಗದಲ್ಲಿರುವ ವಾಲ್ವ್ ಮೂಲಕ ಹೊರಟು, ಪೆಟ್ಟಿಗೆಯೊಳಗಿನ ಮ್ಯಾಟ್ರಿಕ್ಸ್, ಅಂದರೆ ಪುಟ್ಟ ರೇಡಿಯೇಟರ್ ಹೊಕ್ಕು, ಎಂಜಿನ್ ಉದ್ದಕ್ಕೂ ಸಾಗುವ ಲೋಹದ ಪೈಪಿನಲ್ಲಿ ವಾಪಸ್ಸು ರೇಡಿಯೇಟರ್‌ನ ಕೆಳಗಿನ ಹೋಸ್ ಸೇರುತ್ತದೆ. ತಾಪದ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಹದಿನೈದು ನಿಮಿಷ ಓಡಿಸಿ, ಎಂಜಿನ್ ಆಫ್ ಮಾಡಿ. ಬಾನೆಟ್ ಎತ್ತಿ ಮ್ಯಾಟ್ರಿಕ್ಸ್‌ಗೆ ಹೋಗುವ ಮತ್ತು ಅಲ್ಲಿಂದ ಬರುವ ಹೋಸ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಿ.

ಎರಡೂ ತಣ್ಣಗಿದ್ದರೆ ಮೊದಲ ಅನುಮಾನ ವಾಲ್ವ್ ಮೇಲೆ. ಒಬ್ಬರು ಗುಂಡಿ ತಿರುಗಿಸುತ್ತಿರಲಿ, ನೀವು ವಾಲ್ವಿನ ಲಿವರ್ ನೋಡುತ್ತಿರಿ. ಅದು ಈ ತುದಿಯಿಂದ ಆ ತುದಿಯವರೆಗೆ ಚಲಿಸಬೇಕು. ಎಷ್ಟೋ ಸಲ ಕೇಬಲ್ಲಿನ ಹೊರಕವಚ ಕ್ಲಿಪ್‌ನಿಂದ ಜಾರಿ, ಗುಂಡಿ ತಿರುಗಿದರೂ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಹಾಗಿದ್ದರೆ ಕ್ಲಿಪ್ ಬಿಗಿ ಮಾಡಿದರೆ ಮುಗಿಯಿತು. ಲಿವರ್ ಸರಿಯಾಗಿದ್ದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ ಇಳಿಸಿ ವಾಲ್ವ್ ಬಿಚ್ಚಿ. ಅದರ ಹಿಂದೆ ಹೆಡ್‌ನಲ್ಲಿರುವ ರಂಧ್ರವನ್ನು ಟಾರ್ಚ್ ಬಿಟ್ಟು ನೋಡಿ: ಹೀಟರ್ ವರ್ಷಗಟ್ಟಲೆ ಮುಚ್ಚಿಯೇ ಇದ್ದ ಕಾರುಗಳಲ್ಲಿ ಅಲ್ಲಿ ನೀರು ಹರಿಯದೆ ಕಂದು ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಗಟ್ಟಿ ತಂತಿಯಿಂದ ಕೆದಕಿ ತೆಗೆಯದೆ ಹೊಸ ವಾಲ್ವ್ ಹಾಕಿದರೆ ದುಡ್ಡು ದಂಡ. ಮರುಜೋಡಿಸುವಾಗ ಗ್ಯಾಸ್ಕೆಟ್ ಮಾತ್ರ ಹೊಸದೇ ಇರಲಿ.

ಒಂದು ಹೋಸ್ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಮ್ಯಾಟ್ರಿಕ್ಸ್ ಕಟ್ಟಿಕೊಂಡಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ಹೋಸ್ ಕಳಚಿ, ವಾಪಸ್ಸು ಬರುವ ಕಡೆಯಿಂದ ತೋಟದ ಪೈಪಿನಲ್ಲಿ ನೀರು ಹಾಯಿಸಿ. ಹರಿವು ಮೆಲ್ಲಗಿರಲಿ, ಬೆಸುಗೆ ಹಾಕಿದ ಹಳೆಯ ಮ್ಯಾಟ್ರಿಕ್ಸ್ ಜೋರು ಒತ್ತಡಕ್ಕೆ ಸೀಳಿಬಿಡುತ್ತದೆ. ಹೊರಬರುವ ನೀರು ತಿಳಿಯಾಗುವವರೆಗೆ ದಿಕ್ಕು ಬದಲಿಸುತ್ತಾ ಇದನ್ನೇ ಮುಂದುವರಿಸಿ. ಆಗಲೂ ಹರಿವು ಕಡಿಮೆಯಿದ್ದರೆ ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ತುಂಬಿಸಿ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಮತ್ತೆ ಕೂಲೆಂಟ್ ಹಾಕುವಾಗ ಹೀಟರ್ ವಾಲ್ವ್ ತೆರೆದೇ ಇರಬೇಕು. ಕಾರಿನ ಮುಂಭಾಗ ಸ್ವಲ್ಪ ಎತ್ತರದಲ್ಲಿರಲಿ. ವಾಪಸ್ಸು ಹೋಸ್ ಕಳಚಿಟ್ಟು ಮೊದಲು ಮ್ಯಾಟ್ರಿಕ್ಸ್ ತುಂಬಿಸಿ, ನಂತರ ಹೋಸ್ ಸಿಕ್ಕಿಸಿ ರೇಡಿಯೇಟರ್ ತುಂಬಿಸಿದರೆ ಗಾಳಿ ಉಳಿಯುವುದಿಲ್ಲ.

ಎರಡೂ ಹೋಸ್ ಚೆನ್ನಾಗಿ ಬಿಸಿಯಿದ್ದೂ ಒಳಗೆ ತಣ್ಣಗಿದ್ದರೆ ನೀರಿನ ಕಡೆ ತಪ್ಪಿಲ್ಲ, ತಪ್ಪು ಗಾಳಿಯ ಕಡೆ. ಮ್ಯಾಟ್ರಿಕ್ಸ್ ಸುತ್ತಲಿನ ಫೋಮ್ ಪಟ್ಟಿ ಪುಡಿಯಾಗಿ ಉದುರಿದಾಗ ಗಾಳಿ ಮ್ಯಾಟ್ರಿಕ್ಸ್ ಒಳಗೆ ಹಾಯದೆ ಸಂದಿಯಲ್ಲಿ ನುಸುಳಿ ಬರುತ್ತದೆ. ಫೋಮ್ ಬದಲಿಸಲು ಪೆಟ್ಟಿಗೆ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿ: ನೀರು ಹೀರದ ಫೋಮ್ ಅಂಟಿಸಿ, ತುಕ್ಕು ಉಜ್ಜಿ ಬಣ್ಣ ಬಳಿಯಿರಿ, ಗಾಳಿಯ ದಾರಿ ಮುಚ್ಚುವ ಫ್ಲ್ಯಾಪ್ ಪೂರ್ತಿ ಮುಚ್ಚುತ್ತದೆಯೇ ನೋಡಿ, ಮ್ಯಾಟ್ರಿಕ್ಸ್ ಸೋರಿಕೆ ಪರೀಕ್ಷಿಸಿ.

ಫ್ಯಾನ್ ಸದ್ದಿದ್ದೂ ಗಾಳಿ ದುರ್ಬಲವಾಗಿದ್ದರೆ ಅದು ತಿರುಗುವ ದಿಕ್ಕು ಗಮನಿಸಿ. ನಿಮ್ಮದಕ್ಕಿಂತ ಹಳೆಯ, 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ ಸೇರಿತ್ತು. ಅದನ್ನು ನೆಗೆಟಿವ್‌ಗೆ ಬದಲಿಸಿದ ಕಾರುಗಳಲ್ಲಿ ಫ್ಯಾನ್ ವೈರ್‌ಗಳನ್ನು ಅದಲುಬದಲು ಮಾಡದೆ ಬಿಟ್ಟಿದ್ದರೆ ಫ್ಯಾನ್ ಉಲ್ಟಾ ತಿರುಗಬಹುದು. ಫ್ಯೂಸ್ ಬಗ್ಗೆಯೂ ಎಚ್ಚರ: ಬ್ರಿಟಿಷ್ ವಿದ್ಯುತ್ ಬಿಡಿಭಾಗಗಳ ಕಂಪನಿ ಲೂಕಸ್‌ನ ಹಳೆಯ 35 ಆಂಪಿಯರ್ ಫ್ಯೂಸ್ ಸತತವಾಗಿ ತಡೆಯುವುದು 17 ಆಂಪಿಯರ್ ಮಾತ್ರ. ಅದರ ಜಾಗಕ್ಕೆ ಸತತ 35 ಆಂಪಿಯರ್ ತಡೆಯುವ ಫ್ಯೂಸ್ ಹಾಕಿದರೆ ಫ್ಯೂಸ್‌ಗಿಂತ ಮೊದಲು ವೈರ್ ಸುಡಬಹುದು.

ನಿಮ್ಮ ಎಂಜಿನ್ ಬಿಸಿಯಾಗುತ್ತದೆ ಎಂದಿದ್ದೀರಿ, ಆದರೂ ತಾಪದ ಮೀಟರ್ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಓಡಿಸುವಾಗ ಅದು ಕೆಳಗೇ ಉಳಿದರೆ ಥರ್ಮೋಸ್ಟಾಟ್, ಅಂದರೆ ನಿಗದಿತ ತಾಪಕ್ಕೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್, ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು. ಈ ಕಾರಿಗೆ ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವಂಥದ್ದು. ಚಳಿ ಪ್ರದೇಶಕ್ಕೆ 88, ಸೆಕೆಯ ಪ್ರದೇಶಕ್ಕೆ 74. ಯಾರೋ 74ರದ್ದು ಹಾಕಿದ್ದರೆ ಹೀಟರ್ ಎಷ್ಟೇ ಸರಿಯಿದ್ದರೂ ಗಾಳಿ ಅಷ್ಟು ಬಿಸಿಯಾಗಿ ಬರುವುದಿಲ್ಲ.

ಗಾಜಿನ ಒಳಮೈ ಜಿಡ್ಡಾಗಿ ಮಂಜು ಕಟ್ಟುತ್ತಿದ್ದರೆ, ಸಿಹಿ ವಾಸನೆ ಬರುತ್ತಿದ್ದರೆ ಮ್ಯಾಟ್ರಿಕ್ಸ್ ಸೋರುತ್ತಿದೆ ಎಂದೇ ಅರ್ಥ. ಆಗ ಮಾತ್ರ ಈ ಪರೀಕ್ಷೆಗಳನ್ನೆಲ್ಲ ಬಿಟ್ಟು ನೇರವಾಗಿ ಪೆಟ್ಟಿಗೆಗೇ ಕೈ ಹಾಕಿ. ಇಳಿಸಿದ ಕೂಲೆಂಟ್ ವಿಷ, ನಾಯಿ ಬೆಕ್ಕುಗಳು ಅದನ್ನು ನೆಕ್ಕಬಹುದು. ಅದನ್ನು ಹಿಡಿದ ಬಾಣಲಿಯನ್ನು ತೆರೆದಿಟ್ಟು ಹೋಗಬೇಡಿ.