ಬಹುಆಯಾಮದ ಬಡತನ: 18 ಅಂಕಗಳ ಲೆಕ್ಕ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವೂ 2010ರಲ್ಲಿ ತಂದ ಜಾಗತಿಕ ಬಹುಆಯಾಮದ ಬಡತನ ಸೂಚ್ಯಂಕವು ಮನೆಯ ಆದಾಯವನ್ನು ಕೇಳುವುದೇ ಇಲ್ಲ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಈ ಮೂರರಲ್ಲಿ ಏನೇನು ಕೊರತೆ ಇದೆ ಎಂದು 10 ಸೂಚಕಗಳಿಂದ ನೋಡುತ್ತದೆ.

ಪ್ರತಿ ಸೂಚಕಕ್ಕೆ ಎಷ್ಟು ಮಹತ್ವ ಎಂದು ಹೇಳುವ ತೂಕಗಳು ಭಿನ್ನರಾಶಿಯಲ್ಲಿರುವುದರಿಂದ ಎಲ್ಲವನ್ನೂ 18 ಅಂಕಗಳಿಗೆ ತಂದುಕೊಳ್ಳುವುದು ಸುಲಭ. ಪೌಷ್ಟಿಕತೆ, ಮಕ್ಕಳ ಮರಣ, ಓದಿದ ವರ್ಷಗಳು, ಶಾಲಾ ಹಾಜರಾತಿ: ಒಂದೊಂದಕ್ಕೆ 3. ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ವಸತಿ, ಮನೆಯ ಸ್ವತ್ತು: ಒಂದೊಂದಕ್ಕೆ 1. ಕೊರತೆ ಇರುವ ಸೂಚಕಗಳ ಅಂಕಗಳ ಮೊತ್ತ 6 ಮುಟ್ಟಿದರೆ ಆ ಮನೆಯವರೆಲ್ಲರೂ ಬಡವರು. ಮಗು ಶಾಲೆಗೆ ಹೋಗುತ್ತಿಲ್ಲ, ಒಲೆಗೆ ಸೌದೆ, ಶೌಚಾಲಯವಿಲ್ಲ: 5 ಅಂಕ, ಬಡವರ ಪಟ್ಟಿಗೆ ಸೇರುವುದಿಲ್ಲ. ಜೊತೆಗೆ ಮಣ್ಣಿನ ನೆಲವೂ ಇದ್ದರೆ 6, ಸೇರುತ್ತಾರೆ. 4 ಮತ್ತು 5 ಅಂಕದವರನ್ನು ಬಡತನದ ಅಂಚಿನಲ್ಲಿರುವವರೆಂದು ಬೇರೆಯಾಗಿ ಎಣಿಸುತ್ತಾರೆ. ಅವರ ಲೆಕ್ಕವನ್ನು ಬಿಟ್ಟು ಓದಬಾರದು.

ನನಗೆ ಬಹಳ ಹೊತ್ತು ಹಿಡಿದದ್ದು ಮುಂದಿನ ಹಂತ. ಸೂಚ್ಯಂಕ ಎಂದರೆ ಬಡವರ ಪ್ರಮಾಣ ಗುಣಿಸು ತೀವ್ರತೆ. ತೀವ್ರತೆಯು ಬಡವರ ಅಂಕಗಳ ಸರಾಸರಿ ಮಾತ್ರ, ಎಲ್ಲರದ್ದಲ್ಲ. ಹತ್ತು ಜನರಲ್ಲಿ ನಾಲ್ವರು ಬಡವರು, ಅವರ ಅಂಕಗಳು 6, 6, 9, 15 ಎನ್ನಿ. ಮೊತ್ತ 36, ಸರಾಸರಿ 9, ಅಂದರೆ 18ರಲ್ಲಿ ಅರ್ಧ. 0.4 ಗುಣಿಸು 0.5, ಸೂಚ್ಯಂಕ 0.2. ಉಳಿದ ಆರು ಜನರಲ್ಲಿ ಯಾರಿಗಾದರೂ 5 ಅಂಕ ಇದ್ದರೂ ಇಲ್ಲಿ ಅದು ಸೊನ್ನೆ. ಒಂದೇ ಏಟಿಗೆ ಬೇಕಾದರೆ 36ನ್ನು 180ರಿಂದ (ಹತ್ತು ಜನ ಗುಣಿಸು 18) ಭಾಗಿಸಿ, ಅದೇ 0.2.

ಈಗ 6 ಅಂಕದ ಒಬ್ಬರು ಬಡತನ ದಾಟಿದರು ಎನ್ನೋಣ. ಉಳಿದ ಮೂವರ ಸರಾಸರಿ 10. ತೀವ್ರತೆ ಏರಿತು! ಆದರೆ ಯಾರ ಸ್ಥಿತಿಯೂ ಕೆಟ್ಟಿಲ್ಲ. ಸೂಚ್ಯಂಕ 30 ಭಾಗಿಸು 180, ಸುಮಾರು 0.167ಕ್ಕೆ ಇಳಿದಿದೆ. ಬದಲಿಗೆ 15 ಅಂಕದವರು 12ಕ್ಕೆ ಬಂದಿದ್ದರೆ ಬಡವರ ಪ್ರಮಾಣ ಅಲುಗಾಡುತ್ತಿರಲಿಲ್ಲ, ಸೂಚ್ಯಂಕ ಮಾತ್ರ 0.183 ಆಗುತ್ತಿತ್ತು. ತೀರಾ ಕೆಳಗಿರುವವರಿಗೆ ಆದ ಒಳಿತೂ ಲೆಕ್ಕಕ್ಕೆ ಬರುತ್ತದೆ ಎಂಬುದೇ ಈ ವಿಧಾನದಲ್ಲಿ ನನಗೆ ತುಂಬ ಇಷ್ಟವಾದದ್ದು.

ದೇಶಗಳನ್ನು ಹೋಲಿಸುವಾಗ ಸಮೀಕ್ಷೆಯ ವರ್ಷವನ್ನೂ ಬಿಟ್ಟುಹೋದ ಸೂಚಕಗಳನ್ನೂ ನೋಡಿ. ಒಂದು ದೇಶದಲ್ಲಿ ಪೌಷ್ಟಿಕತೆಯ ಮಾಹಿತಿ ಇಲ್ಲದಿದ್ದರೆ ಅದರ 3 ಅಂಕ ಮಕ್ಕಳ ಮರಣಕ್ಕೆ ಸೇರುತ್ತದೆ. ಆಗ ಆ ಒಂದೇ ಕೊರತೆಗೆ 6 ಅಂಕ. ರಾಷ್ಟ್ರೀಯ ಸೂಚ್ಯಂಕಗಳಂತೂ ಬೇರೆಯೇ: ನೀತಿ ಆಯೋಗದ್ದರಲ್ಲಿ ತಾಯಂದಿರ ಆರೋಗ್ಯ, ಬ್ಯಾಂಕ್ ಖಾತೆ ಸೇರಿ 12 ಸೂಚಕಗಳಿವೆ; ಮೆಕ್ಸಿಕೊ ಆದಾಯವನ್ನೂ ಸೇರಿಸಿಕೊಳ್ಳುತ್ತದೆ. ಅವುಗಳನ್ನು ಜಾಗತಿಕ ಸೂಚ್ಯಂಕದ ಪಕ್ಕದಲ್ಲಿಟ್ಟು ಅಳೆಯಲಾಗದು.